ಮಡಕೆಯೊಳಗಿನ ಸ್ಟೀರಿಯೊ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಚರಿತ್ರೆ ಬರೆಯುವವರು 1948ರ ಟೆಲಿಫೋನ್ ಕಾರ್ಖಾನೆ ಐಟಿಐ, 1954ರ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಎಂದು ಶುರುಮಾಡಿ ನೇರವಾಗಿ ಸಾಫ್ಟ್‌ವೇರ್ ಕಂಪನಿಗಳಿಗೆ ಜಿಗಿಯುತ್ತಾರೆ. ನಡುವೆ ಒಂದು ಅಧ್ಯಾಯ ಬಿಟ್ಟುಹೋಗುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ ಬೆಂಗಳೂರಿನ ಸುತ್ತಲಿನ ಊರೂರಿನ ಹುಡುಗರು ಹಳೆಯ ರೇಡಿಯೊದ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿ ಕಟ್ಟಿಕೊಂಡ ಸ್ಟೀರಿಯೊ ಅದು. ಬಡವರ ಹಿಕಮತ್ತು ಎಂದು ಅದನ್ನು ಬದಿಗಿಡುವುದು ಸರಿಯಲ್ಲ. ಆ ಮಡಕೆಯೂ ಕಾರ್ಖಾನೆಗಳ ಚರಿತ್ರೆಗೇ ಸೇರಿದ್ದು. ಹೊಸಕೋಟೆಯಿಂದ ನಗರಕ್ಕೆ ಬರುವ ಹಳೇ ಮದ್ರಾಸ್ ರಸ್ತೆಯಲ್ಲೇ ಐಟಿಐ ಇದೆ. ನೆಲಮಂಗಲದವರಿಗೆ ಜಾಲಹಳ್ಳಿಯ ಬಿಇಎಲ್ ದೂರವಲ್ಲ. ಬಿಇಎಲ್187, ಬಿಇಎಲ್188 ಎಂಬ ಟ್ರಾನ್ಸಿಸ್ಟರುಗಳು ಹವ್ಯಾಸಿಗಳ ಸರ್ಕ್ಯೂಟುಗಳಲ್ಲಿ ಮನೆಮಾತಾಗಿದ್ದವು. ಮುಂದೆ 4440 ಎಂಬ ಆಂಪ್ಲಿಫೈಯರ್ ಐಸಿ ಬಂದ ಮೇಲೆ ಒಂದೇ ಚಿಪ್ಪಿನಲ್ಲಿ, 12 ವೋಲ್ಟಿನಲ್ಲಿ, ಎರಡು ಚಾನೆಲ್ಲಿಗೂ ತಲಾ ಸುಮಾರು 6 ವ್ಯಾಟ್ ಸಿಕ್ಕಿತು. ಸಾಮಾನೆಲ್ಲ ಎಸ್‌.ಪಿ. ರಸ್ತೆಯಲ್ಲಿ ಬಿಡಿಬಿಡಿಯಾಗಿ ಸಿಗುತ್ತಿತ್ತು. ದೊಡ್ಡಬಳ್ಳಾಪುರದಿಂದಾಗಲಿ ದೇವನಹಳ್ಳಿಯಿಂದಾಗಲಿ ಅಲ್ಲಿಗೆ ಒಂದು ಬಸ್ಸಿನ ದಾರಿ. ಕೇಳುವುದಕ್ಕೂ ಕೊರತೆಯಿರಲಿಲ್ಲ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಹೆಸರಾದ 1978ರ 'ನಿತ್ಯೋತ್ಸವ'ದ ಕವಿ ನಿಸಾರ್ ಅಹಮದ್ ಹುಟ್ಟಿದ್ದೇ ದೇವನಹಳ್ಳಿಯಲ್ಲಿ.

ಹಣದ ಕೊರತೆಯೊಂದೇ ಮಡಕೆ ಸ್ಟೀರಿಯೊಗೆ ಕಾರಣ ಎನ್ನುವವರಿದ್ದಾರೆ. ವಿದೇಶಿ ಸೆಟ್ಟುಗಳ ಮೇಲೆ ಭಾರೀ ಸುಂಕವಿತ್ತು, ವಿದ್ಯಾರ್ಥಿಯ ಕೈಯಲ್ಲಿ ಕಾಸಿರಲಿಲ್ಲ, ನಿಜ. ಆದರೆ ಸ್ವಂತ ಕಟ್ಟಿಕೊಂಡದ್ದೇಕೆ ಎಂಬುದಕ್ಕೆ ಅದು ಉತ್ತರವಾದೀತೇ ಹೊರತು, ಮಡಕೆಯೇ ಏಕೆ ಎಂಬುದಕ್ಕಲ್ಲ. ಬರೀ ಸ್ಪೀಕರನ್ನು ಮೇಜಿನ ಮೇಲಿಟ್ಟರೆ ಬೇಸ್ ಬರುವುದಿಲ್ಲ. ಕೋನ್ ಮುಂದಕ್ಕೆ ಗಾಳಿಯನ್ನು ಒತ್ತುವಾಗ ಹಿಂದೆ ಅಷ್ಟೇ ಗಾಳಿ ಸಡಿಲವಾಗುತ್ತದೆ. 100 ಹರ್ಟ್ಸ್ ಸದ್ದಿನ ಅಲೆ ಸುಮಾರು 3.4 ಮೀಟರ್ ಉದ್ದ, ಅಂಗೈ ಅಗಲದ ಸ್ಪೀಕರನ್ನು ಅದು ಸಲೀಸಾಗಿ ಬಳಸಿ ಬರುತ್ತದೆ, ಹಿಂದಿನ ಸದ್ದು ಮುಂದಿನದನ್ನು ನುಂಗಿಹಾಕುತ್ತದೆ. ಹಿಂದಿನ ಸದ್ದನ್ನು ಕಟ್ಟಿಹಾಕುವುದೇ ಪೆಟ್ಟಿಗೆಯ ಕೆಲಸ. ತೆಳು ಪ್ಲೈವುಡ್ಡಿನ ಚಪ್ಪಟೆ ಹಲಗೆಗಳು ತಾವೇ ಅದುರುತ್ತವೆ. ಚೆನ್ನಾಗಿ ಸುಟ್ಟ ಮಡಕೆಯ ಬಾಗಿದ ಮೈ ಅಷ್ಟು ಸುಲಭಕ್ಕೆ ಅದುರದು. ಎದುರುಬದುರು ಸಮಾನಾಂತರ ಗೋಡೆಗಳೂ ಅದರಲ್ಲಿಲ್ಲ. ಇದ್ದ ಹಣದಲ್ಲಿ ಅದಕ್ಕಿಂತ ಗಟ್ಟಿ ಪೆಟ್ಟಿಗೆ ಸಿಗುವಂತಿರಲಿಲ್ಲ.

ಮಡಕೆ ಗುಂಯ್‌ಗುಡುತ್ತದೆ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು, ಒಪ್ಪಲೇಬೇಕಾದದ್ದು. ಮಡಕೆ ಚಿಕ್ಕದಾದಷ್ಟೂ ಒಳಗಿನ ಗಾಳಿ ಬಿಗಿಯಾದ ಸ್ಪ್ರಿಂಗಾಗುತ್ತದೆ, ಕೋನಿನ ಅನುರಣನ ಮೇಲಕ್ಕೇರಿ ಒಂದೇ ಸ್ವರ ಉಬ್ಬಿ ಕೇಳುತ್ತದೆ. ಆದರೆ ಇದು ಕಾರ್ಖಾನೆಯ ಪೆಟ್ಟಿಗೆಗಳಿಗೂ ಇದ್ದ ತೊಡಕೇ. ಮುಚ್ಚಿದ ಗಾಳಿಯ ಸ್ಪ್ರಿಂಗನ್ನು ಪಳಗಿಸಿಯೇ ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಪುಟ್ಟ ಪೆಟ್ಟಿಗೆಯಿಂದ ಆಳವಾದ ಬೇಸ್ ತೆಗೆದದ್ದು. ಸ್ಪೀಕರಿಗೂ ಪೆಟ್ಟಿಗೆಗೂ ನಡುವಿನ ಲೆಕ್ಕವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಸೂತ್ರಕ್ಕಿಳಿಸಿದರು. ಆ ಸೂತ್ರ ಕೈಯಲ್ಲಿಲ್ಲದವರಿಗೆ ಕಿವಿಯೇ ಅಳತೆಗೋಲು. ಒಳಗೆ ಹಳೇ ದಿಂಬಿನ ಹತ್ತಿ ತುಂಬಿದರೆ ಗುಂಯ್‌ ಇಳಿಯುತ್ತದೆ, ಜಾಸ್ತಿ ತುರುಕಿದರೆ ಹಾಡು ಸಪ್ಪೆಯಾಗುತ್ತದೆ. ಬಾಯಿ ಸೂರಿನ ಕಡೆಗಿದ್ದ ಮಡಕೆಯನ್ನು ಸಿಂಬೆಯ ಮೇಲೆ ಓರೆಯಾಗಿ ಒರಗಿಸಿದರೆ ಎಡಬಲ ಬೇರೆಬೇರೆಯಾಗಿ ಕೇಳುತ್ತದೆ. ಎತ್ತರದ ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರಾದ ಟ್ವೀಟರಿಗೆ 4.7 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ, 8 ಓಮ್‌ ಲೆಕ್ಕದಲ್ಲಿ, ಸುಮಾರು 4,200 ಹರ್ಟ್ಸಿನ ಕೆಳಗಿನದೆಲ್ಲ ಕ್ರಮೇಣ ಸೋಸಿಹೋಗುತ್ತದೆ. ಟಾರ್ಚಿನ ಒಂದು ಸೆಲ್ಲನ್ನು ತಂತಿಗೆ ಮುಟ್ಟಿಸಿ, ಎರಡೂ ಕೋನ್ ಒಂದೇ ಕಡೆಗೆ ನೆಗೆಯುತ್ತವೆಯೇ ಎಂದು ನೋಡಬೇಕು. ಒಂದು ತಿರುಗುಮುರುಗಾದರೂ ಬೇಸ್ ಮಾಯ. ಅಲೆಯ ಫೇಸ್ ಎಂದರೇನೆಂದು ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ಮಡಕೆ ಸ್ಪೀಕರ್ ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಎಂಬ ಈ ನಾಲ್ಕು ತಾಲ್ಲೂಕುಗಳ ಸ್ವತ್ತಲ್ಲ, ಬೇರೆ ಕಡೆಯೂ ಇತ್ತು. ಇಲ್ಲಿನ ವಿಶೇಷವೆಂದರೆ ಬಿಡಿಭಾಗ ತಯಾರಾಗುವ ಕಾರ್ಖಾನೆ, ಅದನ್ನು ಮಾರುವ ಬೀದಿ, ಅದನ್ನು ಕೂಡಿಸುವ ಹುಡುಗನ ಕೋಣೆ ಮೂರೂ ಒಂದು ದಿನದ ಓಡಾಟದೊಳಗಿದ್ದವು. ಈ ಚರಿತ್ರೆಗೆ ಕಡತವಿಲ್ಲ, ವಸ್ತುವೇ ಸಾಕ್ಷಿ. ನಿಮ್ಮ ಮನೆಯ ಅಟ್ಟದಲ್ಲಿ ಇಂಥದೊಂದು ಜೋಡಿ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹತ್ತಿರದ ಪಾಲಿಟೆಕ್ನಿಕ್ಕಿಗೆ ಕೊಡಿ, ಕಟ್ಟಿದವರ ಹೆಸರು, ವರ್ಷ ಚೀಟಿಯಲ್ಲಿ ಬರೆದು ಅಂಟಿಸಿ ಕೊಡಿ.