ಸಿಂಬಳಕ್ಕೂ ಒಂದು ದಾರಿ ಉಂಟು

"ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಅಂತ ನಮ್ಮ ಕಡೆ ಗಾದೆ. ಬುಗುಡಿ ಈಗ ಮದುವೆಮನೆಯಲ್ಲೂ ಅಪರೂಪ. ನೆಗಡಿ ಮಾತ್ರ ಎಲ್ಲಿಗೂ ಹೋಗಿಲ್ಲ. ಮುಂಬಯಿಯಲ್ಲಂತೂ ಚಳಿಗಾಲದ ಧೂಳು-ಹೊಗೆ ಶುರುವಾಯಿತೆಂದರೆ ಲೋಕಲ್ ಗಾಡಿಯ ಡಬ್ಬಿಯಲ್ಲಿ ಕರ್ಚೀಫುಗಳದ್ದೇ ಮೆರವಣಿಗೆ. ಏನಾಯ್ತು ಅಂತ ಕೇಳಿದರೆ "ಸೈನಸ್ ಆಗಿದೆ" ಅನ್ನುತ್ತಾರೆ. ಸೈನಸ್ ಆಗುವುದಲ್ಲ ಸ್ವಾಮಿ, ಅದು ಎಲ್ಲರಿಗೂ ಇದ್ದೇ ಇರುತ್ತದೆ! ಹಣೆ, ಕೆನ್ನೆ, ಕಣ್ಣುಗಳ ನಡುವೆ, ಮೂಗಿನ ಹಿಂದೆ ಹೀಗೆ ಮುಖದ ಮೂಳೆಗಳೊಳಗೆ ಇರುವ ಗಾಳಿ ತುಂಬಿದ ಪೊಟರೆಗಳಿಗೆ ಸೈನಸ್ ಅಂತ ಹೆಸರು. ಅವುಗಳ ಒಳಪೊರೆ ಊದಿಕೊಂಡು, ಮೂಗಿಗೆ ತೆರೆಯುವ ಕಿರಿದಾದ ಬಾಯಿ ಮುಚ್ಚಿಕೊಂಡರೆ ಅದು ಸೈನಸೈಟಿಸ್. ಮೂಗು ಕಟ್ಟುತ್ತದೆ, ದಪ್ಪ ಸಿಂಬಳ ಗಂಟಲಿಗೆ ಇಳಿಯುತ್ತದೆ, ಬಗ್ಗಿದರೆ ಮುಖ ಭಾರ, ಮೇಲ್ದವಡೆಯ ಹಲ್ಲು ಜುಂ ಅನ್ನುತ್ತದೆ, ಒಗ್ಗರಣೆಯ ವಾಸನೆಯೂ ತಿಳಿಯುವುದಿಲ್ಲ.

ಇಷ್ಟು ಸಾಮಾನ್ಯವಾದ ಕಾಯಿಲೆಯ ವಿಷಯದಲ್ಲಿ ಮನುಷ್ಯ ಸಾವಿರಾರು ವರ್ಷ ಒಂದೇ ಪ್ರಶ್ನೆಯ ಸುತ್ತ ತಿರುಗಿದ. ಈ ಸಿಂಬಳ ಬರುವುದು ಎಲ್ಲಿಂದ, ಹೋಗುವುದು ಎಲ್ಲಿಗೆ? ಅದರ ಕತೆ ಸ್ವಾರಸ್ಯವಾಗಿದೆ, ನೋಡಿ.

ಹಳೆಯ ಗ್ರೀಕರು, ಆಮೇಲೆ ಎರಡನೇ ಶತಮಾನದ ಗೇಲೆನ್, ಸಿಂಬಳ ಇಳಿಯುವುದು ಮಿದುಳಿನಿಂದ ಎಂದು ನಂಬಿದ್ದರು. ತಲೆಯಲ್ಲಿ ಹೆಚ್ಚಾದ ಕಫ ಮೂಗಿನ ಮೇಲಿರುವ ಜರಡಿಯಂಥ ಮೂಳೆಯಿಂದ ಸೋರುತ್ತದೆ ಎಂಬ ಲೆಕ್ಕ. ಇಂಗ್ಲಿಷಿನಲ್ಲಿ ನೆಗಡಿಗೆ ಹೇಳುವ 'ಕಟಾರ್' ಎಂಬ ಮಾತಿನ ಮೂಲಾರ್ಥವೇ ಕೆಳಗೆ ಹರಿಯುವುದು. ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಗೆ ಆ ಹೆಸರು ಬಂದಿದ್ದೂ ಕಫಕ್ಕೆ ಲ್ಯಾಟಿನ್‌ನಲ್ಲಿ ಹೇಳುವ 'ಪಿಟ್ಯೂಟ'ದಿಂದ. ಹಾರ್ಮೋನುಗಳ ಯಜಮಾನ ಗ್ರಂಥಿ ಇವತ್ತಿಗೂ ಸಿಂಬಳದ ಹೆಸರು ಹೊತ್ತು ಕೂತಿದೆ, ಪಾಪ!

ನಮ್ಮಲ್ಲಿ ಸುಶ್ರುತ ಸಂಹಿತೆ ಮೂಗಿನ ಕಾಯಿಲೆಗಳನ್ನು 31 ಎಂದು ಎಣಿಸಿತು. ನೆಗಡಿಗೆ ಅಲ್ಲಿ ಪ್ರತಿಶ್ಯಾಯ ಎಂಬ ಹೆಸರು. ನಮ್ಮ ಮಹಡಿಯ ಮರಾಠಿ ಅಜ್ಜಿ 'ಪಡಸೆ' ಅನ್ನುತ್ತಾರಲ್ಲ, ತೆಲುಗರು 'ಪಡಿಶಂ' ಅನ್ನುತ್ತಾರಲ್ಲ, ಅವೆಲ್ಲ ಇದೇ ಪ್ರತಿಶ್ಯಾಯದ ಮೊಮ್ಮಕ್ಕಳು. ನಾವು ಕನ್ನಡಿಗರು ಮಾತ್ರ ನಮ್ಮದೇ ನೆಗಡಿಯನ್ನು ಉಳಿಸಿಕೊಂಡೆವು. ಅದಿರಲಿ. ಸುಶ್ರುತ ಸಂಹಿತೆ ಹೇಳುವ ಒಂದು ಮಾತು ನನಗೆ ಮುಖ್ಯವಾಗಿ ಕಾಣುತ್ತದೆ. ಬೆಳೆಯಲು ಬಿಟ್ಟ ಪೀನಸ ಕಿವುಡುತನ, ವಾಸನೆ ತಿಳಿಯದಿರುವುದು, ಭಯಂಕರ ಕಣ್ಣಿನ ಕಾಯಿಲೆಗಳು, ಕುರುಡುತನಕ್ಕೂ ಕಾರಣವಾಗುತ್ತದೆ ಎಂದು ಅದು ಪಟ್ಟಿ ಕೊಡುತ್ತದೆ. ನೆಗಡಿಯಿಂದ ಕುರುಡೇ ಅಂತ ನಗಬೇಡಿ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇನ್ನು ಪೊಟರೆಗಳ ಕತೆ. ಲಿಯೊನಾರ್ಡೊ ಡ ವಿಂಚಿ 1489ರಲ್ಲೇ ತಲೆಬುರುಡೆ ಸೀಳಿ ಕೆನ್ನೆಯ ಸೈನಸ್ಸಿನ ಚಿತ್ರ ಬರೆದಿದ್ದ. ಆದರೆ ಆ ಹಾಳೆಗಳು ನೂರಾರು ವರ್ಷ ಅಚ್ಚಾಗಲೇ ಇಲ್ಲ. ಹೀಗಾಗಿ ಹೆಸರು ಹೋಗಿದ್ದು ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್‌ಗೆ. 1651ರ ತನ್ನ ಪುಸ್ತಕದಲ್ಲಿ ಆತ ಒಬ್ಬ ಹೆಂಗಸಿನ ಪ್ರಸಂಗ ಹೇಳುತ್ತಾನೆ. ಆಕೆಗೆ ಮೇಲ್ದವಡೆಯ ಕೋರೆಹಲ್ಲು ಕೀಳಿಸಿದ ಮೇಲೆ ಆ ತೂತಿನಿಂದ ಕೀವು ಸೋರುವುದು ನಿಲ್ಲಲಿಲ್ಲ. ಎಷ್ಟು ಆಳ ಇದೆ ನೋಡೋಣ ಅಂತ ಹಕ್ಕಿಯ ಗರಿಯ ದಂಟನ್ನು ಒಳಗೆ ತೂರಿಸಿದಳು. ಅದು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಮಿದುಳಿಗೇ ಮುಟ್ಟಿತೇನೋ ಎಂದು ಹೆದರಿದಳಂತೆ. ಹೈಮೋರ್ ಆಕೆಗೆ ಕೆನ್ನೆಯೊಳಗಿನ ಗವಿಯ ವಿಷಯ ಹೇಳಿ ಸಮಾಧಾನ ಮಾಡಬೇಕಾಯಿತು. ಕೆನ್ನೆಯ ಸೈನಸ್ಸಿಗೆ ಇಂದಿಗೂ 'ಹೈಮೋರನ ಗುಹೆ' ಎಂಬ ಹೆಸರಿದೆ.

ಅದಾದ ಹತ್ತು-ಹದಿನೈದು ವರ್ಷದೊಳಗೆ ಜರ್ಮನಿಯ ವಿಟೆನ್‌ಬರ್ಗಿನ ಪ್ರೊಫೆಸರ್ ಶ್ನೈಡರ್ ನೆಗಡಿಯ ಮೇಲೆ ದಪ್ಪ ದಪ್ಪ ಸಂಪುಟಗಳನ್ನೇ ಬರೆದು ಗೇಲೆನ್ನನ ವಾದವನ್ನು ಕೆಡವಿದರು. ಆ ಜರಡಿ ಮೂಳೆಯಿಂದ ಮಿದುಳಿನ ಏನೂ ಕೆಳಗೆ ಸೋರುವುದಿಲ್ಲ, ಸಿಂಬಳ ಹುಟ್ಟುವುದು ಮೂಗಿನ ಪೊರೆಯಲ್ಲೇ ಎಂದು ತೋರಿಸಿದರು. ಹಲ್ಲಿನ ಇಂಪ್ಲಾಂಟ್ ಹಾಕುವ ಡಾಕ್ಟರುಗಳು ಕೆನ್ನೆಯ ಸೈನಸ್ಸಿನ ಪೊರೆಯನ್ನು ಈಗಲೂ 'ಶ್ನೈಡರ್ ಪೊರೆ' ಎಂದೇ ಕರೆಯುತ್ತಾರೆ.

ಬರುವುದು ಎಲ್ಲಿಂದ ಎಂಬುದು ಇತ್ಯರ್ಥವಾಯಿತು. ಹೋಗುವುದು ಎಲ್ಲಿಗೆ ಎಂಬುದು ಗೊತ್ತಾಗಲು ಇನ್ನೂ ಮುನ್ನೂರು ವರ್ಷ ಬೇಕಾಯಿತು. ಆ ಮುನ್ನೂರು ವರ್ಷ ವೈದ್ಯರು ಮಾಡಿದ್ದು ಒಂದೇ ಕೆಲಸ, ತೂತು ಕೊರೆಯುವುದು! ಲಂಡನ್ನಿನ ವಿಲಿಯಂ ಕೌಪರ್ ದವಡೆಹಲ್ಲು ಕಿತ್ತು ಆ ಗುಳಿಯ ಮೂಲಕ ಸೈನಸ್ ತೊಳೆಯುತ್ತಿದ್ದ. 1893ರಲ್ಲಿ ನ್ಯೂಯಾರ್ಕಿನ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಲ್ಯೂಕ್, ಮೇಲ್ತುಟಿ ಎತ್ತಿ ಕೆನ್ನೆಮೂಳೆಗೆ ಕಿಂಡಿ ಕೊರೆದು ಒಳಪೊರೆಯನ್ನೆಲ್ಲ ಕೆರೆದು ತೆಗೆದು, ಮೂಗಿನ ತಳಭಾಗಕ್ಕೆ ಹೊಸ ತೂತು ಮಾಡುವ ಆಪರೇಷನ್ ಬರೆದಿಟ್ಟರು. ಹಳಬರಲ್ಲಿ ಅನೇಕರು ಈ ಆಪರೇಷನ್ ಮಾಡಿಸಿಕೊಂಡವರೇ. ಮುಖ ಬಾತು, ತುಟಿ ಮರಗಟ್ಟಿ, ಕೆಲವರಿಗೆ ಕಾಯಿಲೆ ಮತ್ತೆ ಹಾಜರ್.

ಅಂದ ಹಾಗೆ ಅದೇ 1893ರಲ್ಲಿ ನಮ್ಮ ಈ ಬೊಂಬಾಯಿಯಲ್ಲಿ ಕಾಶೀನಾಥುನಿ ನಾಗೇಶ್ವರ ರಾವ್ ಎಂಬ ತೆಲುಗಿನವರು ಅಮೃತಾಂಜನ ಶುರು ಮಾಡಿದರು. ವಲಸಿಗನೊಬ್ಬ ಈ ಊರಿಗೆ ಕೊಟ್ಟ ಅತಿ ಒಳ್ಳೆಯ ವಾಸನೆ ಅದೇ ಇರಬೇಕು! ಆದರೆ ಇಂಥ ಮುಲಾಮುಗಳಲ್ಲಿರುವ ಮೆಂಥಾಲ್ ಕಟ್ಟಿದ ಮೂಗನ್ನು ನಿಜವಾಗಿ ತೆರೆಯುವುದಿಲ್ಲ. ಮೂಗಿನೊಳಗಿನ ತಂಪು ತಿಳಿಯುವ ನರಗಳನ್ನು ಅದು ಕೆಣಕುತ್ತದೆ, ಗಾಳಿ ಆಡಿದಂತೆ ಭಾಸವಾಗುತ್ತದೆ, ಅಷ್ಟೆ. ಆದರೂ ನಡುರಾತ್ರಿ ಮೂರು ಗಂಟೆಗೆ ಆ ಭಾಸವೂ ಸಣ್ಣದಲ್ಲ.

ಈಗ ನಿಜವಾದ ತಿರುವು. ನಿಮ್ಮ ಸೊಸೈಟಿಯ ನೀರಿನ ಟಾಂಕಿ ನೆನಪಿಸಿಕೊಳ್ಳಿ. ಅದರ ಕೊಳವೆ ತಳದಲ್ಲಿರುತ್ತದೆ. ಕೆನ್ನೆಯ ಸೈನಸ್ ಎಂಬ ಟಾಂಕಿಗೆ ಬಾಯಿ ಇರುವುದು ಮೇಲ್ಗಡೆ, ಚಾವಣಿಯ ಹತ್ತಿರ! ಅದಕ್ಕೇ ಎಲ್ಲರೂ ತಳದಲ್ಲಿ ತೂತು ಕೊರೆದರೆ ತಾನಾಗಿ ಹರಿದುಹೋಗುತ್ತದೆ ಎಂದುಕೊಂಡಿದ್ದರು. ಆಸ್ಟ್ರಿಯಾದ ಗ್ರಾಜ್ ಊರಿನ ವಾಲ್ಟರ್ ಮೆಸರ್‌ಕ್ಲಿಂಗರ್ ಮಾತ್ರ ಅದು ಹರಿಯುತ್ತದೆಯೋ ಇಲ್ಲವೋ ಅಂತ ಕೂತು ನೋಡಿದರು. ಸೈನಸ್ಸಿನ ಒಳಪೊರೆಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳಿವೆ, ಗಾಳಿಗೆ ತೂಗುವ ಭತ್ತದ ಪೈರಿನ ಹಾಗೆ. ಜೀವ ಹೋದ ಮೇಲೂ ಕೆಲವು ಗಂಟೆ ಅವು ಆಡುತ್ತಲೇ ಇರುತ್ತವೆ. ಮೆಸರ್‌ಕ್ಲಿಂಗರ್ ಆಗಷ್ಟೇ ತೀರಿಕೊಂಡವರ ಸೈನಸ್ಸುಗಳಲ್ಲಿ ಸಿಂಬಳದ ನಡಿಗೆಯನ್ನು ಫಿಲ್ಮಿನಲ್ಲಿ ಹಿಡಿದರು. ಕಂಡದ್ದೇನೆಂದರೆ, ಸಿಂಬಳ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ, ಹುಟ್ಟಾ ಇರುವ ಬಾಯಿಯತ್ತಲೇ ಹೋಗುತ್ತದೆ. ತಳದಲ್ಲಿ ನೀವು ಕೊರೆದ ತೂತು ಎದುರಾದರೆ ಅದನ್ನು ಬಳಸಿಕೊಂಡು ಮುಂದೆ ಸಾಗುತ್ತದೆ!

ಅಂದರೆ ಕಾಯಿಲೆಯ ಬೇರು ಪೊಟರೆಯಲ್ಲಲ್ಲ, ಬಾಗಿಲಿನಲ್ಲಿ. ಕಣ್ಣು-ಮೂಗಿನ ನಡುವಿನ ಆ ಇಕ್ಕಟ್ಟು ಓಣಿಯನ್ನು ಬಿಡಿಸಿಕೊಟ್ಟರೆ ಕೆಟ್ಟ ಪೊರೆ ಎಷ್ಟೋ ಸಲ ತಾನೇ ಚೇತರಿಸಿಕೊಳ್ಳುತ್ತದೆ, ಕೆರೆದು ಹಾಕಬೇಕಿಲ್ಲ. ಆ ಓಣಿಗೆ ಇಣುಕಲು ಬೇಕಾದ ತೆಳುವಾದ ದುರ್ಬೀನನ್ನು ಇಂಗ್ಲೆಂಡಿನ ಹೆರಾಲ್ಡ್ ಹಾಪ್ಕಿನ್ಸ್ ಗಾಜಿನ ಸರಳುಗಳಿಂದ ರೂಪಿಸಿದ್ದರು, ಜರ್ಮನಿಯ ಕಾರ್ಲ್ ಸ್ಟೋರ್ಜ್ 1960ರ ದಶಕದಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ಈ ಹಾಪ್ಕಿನ್ಸ್ ಜೊತೆಗೇ 1954ರಲ್ಲಿ ಗಾಜಿನ ಎಳೆಗಳ ಮೂಲಕ ಚಿತ್ರ ಸಾಗಿಸಿ ತೋರಿಸಿದವರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಎಂಡೋಸ್ಕೋಪಿಗೆ ಬೆಳಕು ಒಯ್ಯುವುದು ಅಂಥ ಎಳೆಗಳೇ. ಮೆಸರ್‌ಕ್ಲಿಂಗರ್ ಪುಸ್ತಕ 1978ರಲ್ಲಿ ಇಂಗ್ಲಿಷಿಗೆ ಬಂತು. 1980ರ ದಶಕದಲ್ಲಿ ಅವರ ಶಿಷ್ಯ ಸ್ಟಾಮ್‌ಬರ್ಗರ್ ಮತ್ತು ಅಮೆರಿಕದ ಡೇವಿಡ್ ಕೆನಡಿ ಈ ವಿದ್ಯೆಯನ್ನು ಜಗತ್ತಿಗೆಲ್ಲ ಹಂಚಿದರು. ಈಗ ನಮ್ಮ ಇ.ಎನ್.ಟಿ. ಡಾಕ್ಟರುಗಳು 'ಫೆಸ್' ಅನ್ನುವುದು ಇದನ್ನೇ.

ಹಾಗಂತ ನೆಗಡಿ ಬಂದವರೆಲ್ಲ ಆಪರೇಷನ್‌ಗೆ ಓಡಬೇಕಿಲ್ಲ. ಹೊಸದಾಗಿ ಬಂದ ಸೈನಸೈಟಿಸ್ ಬಹುಪಾಲು ವೈರಸ್ಸಿನದು, ತಾನಾಗಿ ಇಳಿಯುತ್ತದೆ. ಸಿಂಬಳ ಹಳದಿ-ಹಸಿರಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಎಂದಲ್ಲ. ಕೆಮಿಸ್ಟ್ ಅಂಗಡಿಯಲ್ಲಿ ನಾವೇ ಕೇಳಿ ತರುವ ಆಂಟಿಬಯೋಟಿಕ್ ಅಲ್ಲಿ ಏನೂ ಮಾಡುವುದಿಲ್ಲ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಜೋರಾದರೆ ಡಾಕ್ಟರನ್ನು ಕಾಣಬೇಕು. ಹನ್ನೆರಡು ವಾರ ದಾಟಿದರೆ ಅದು ಹಳೇ ಸೈನಸೈಟಿಸ್. ಅದರ ಮೊದಲ ಮದ್ದು ಉಪ್ಪುನೀರಿನ ತೊಳೆತ ಮತ್ತು ಸ್ಟೀರಾಯ್ಡ್ ಸ್ಪ್ರೇ. ನಮ್ಮ ಜಲನೇತಿಗೆ ಈಗ ಪಶ್ಚಿಮದಲ್ಲೂ ಮರ್ಯಾದೆ ಸಿಕ್ಕಿದೆ. ಆದರೆ ನೀರು ಕುದಿಸಿ ಆರಿಸಿದ್ದೇ ಆಗಬೇಕು. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಲ್ಲಿ ನೇತಿ ಮಾಡಿದ ಇಬ್ಬರು ಮಿದುಳು ತಿನ್ನುವ ಅಮೀಬಾದಿಂದ ಸತ್ತರು. ಇನ್ನು ತಲೆನೋವೊಂದನ್ನೇ ಹಿಡಿದು ಸೈನಸ್ ಅನ್ನುವವರಿಗೆ ಒಂದು ಸುದ್ದಿ. 2004ರಲ್ಲಿ ಅಮೆರಿಕದಲ್ಲಿ 'ನನ್ನದು ಸೈನಸ್ ತಲೆನೋವು' ಎನ್ನುತ್ತಿದ್ದ ಸುಮಾರು 3000 ಜನರನ್ನು ಪರೀಕ್ಷಿಸಿದಾಗ ನೂರಕ್ಕೆ 88 ಜನರಲ್ಲಿ ಕಂಡದ್ದು ಮೈಗ್ರೇನ್ ಮಾದರಿಯ ತಲೆನೋವು.

ಈಗ ಸುಶ್ರುತನ ಪಟ್ಟಿಗೆ ಬರೋಣ. 2021ರ ಬೇಸಿಗೆಯನ್ನು ಯಾರು ಮರೆತಾರು? ಕೋವಿಡ್‌ನಿಂದ ಎದ್ದು ಮನೆಗೆ ಬಂದವರಿಗೆ ಒಂದು ಕಡೆ ಮೂಗು ಕಟ್ಟುವುದು, ಕೆನ್ನೆ ನೋವು, ಹಲ್ಲು ಅಲುಗಾಡುವುದು, ಕಣ್ಣಿನ ಸುತ್ತ ಊತ. ನೋಡಲು ಎಲ್ಲ ಸೈನಸ್ಸಿನದೇ ಲಕ್ಷಣ. ಎಷ್ಟೋ ಜನ ಹಾಗೇ ಅಂದುಕೊಂಡು ಆವಿ ಹಿಡಿದುಕೊಂಡು ಕೂತರು. ಅದು ಮ್ಯೂಕರ್ ಎಂಬ ಬೂಷ್ಟು, ಪತ್ರಿಕೆಗಳು 'ಕಪ್ಪು ಶಿಲೀಂಧ್ರ' ಎಂದು ಕರೆದದ್ದು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೇಲೆ ಸ್ಟೀರಾಯ್ಡ್, ಇವೆರಡು ಸೇರಿದ ಮೈಯಲ್ಲಿ ಅದು ಸೈನಸ್ಸಿನಿಂದ ಕಣ್ಣಿನ ಗುಳಿಗೆ, ಅಲ್ಲಿಂದ ಮಿದುಳಿಗೆ ದಿನಗಳ ಲೆಕ್ಕದಲ್ಲಿ ಹಬ್ಬುತ್ತಿತ್ತು. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40,845 ಪ್ರಕರಣ ಎಂದು ಕೇಂದ್ರದ ಆರೋಗ್ಯ ಮಂತ್ರಿಗಳು ಹೇಳಿದರು. ಅತಿ ಹೆಚ್ಚು ಬಾಧೆ ನಮ್ಮ ಮಹಾರಾಷ್ಟ್ರಕ್ಕೆ ಮತ್ತು ಗುಜರಾತಿಗೆ. ಕರ್ನಾಟಕವೂ ತಪ್ಪಿಸಿಕೊಳ್ಳಲಿಲ್ಲ. ಆಂಫೊಟೆರಿಸಿನ್ ಎಂಬ ಇಂಜೆಕ್ಷನ್ನಿಗಾಗಿ ಜನ ಊರೂರು ಅಲೆದರು.

ಆಗ ಆಪರೇಷನ್ ಥಿಯೇಟರುಗಳಲ್ಲಿ ರಾತ್ರಿ-ಹಗಲು ಆಡಿದ್ದು ಅದೇ ಗ್ರಾಜ್ ಊರಿನ ವಿದ್ಯೆ, ಅದೇ ಹಾಪ್ಕಿನ್ಸ್ ಗಾಜು. ಬೇಗ ಬಂದವರ ಸೈನಸ್ಸುಗಳನ್ನು ಮೂಗಿನೊಳಗಿಂದಲೇ ಶುಚಿ ಮಾಡಿ ಕಣ್ಣು ಉಳಿಸಿದರು. ತಡವಾಗಿ ಬಂದವರಲ್ಲಿ ಕೆಲವರ ಕಣ್ಣನ್ನೇ ತೆಗೆಯಬೇಕಾಯಿತು, ಕೆಲವರ ಮೇಲ್ದವಡೆಯನ್ನು. ಹಾಗೆ ದವಡೆ ಕಳೆದುಕೊಂಡು, ಅಚ್ಚು ಹಾಕಿ ಮಾಡಿಸಿದ ಕೃತಕ ಅಂಗುಳನ್ನು ತೊಟ್ಟು ಊಟ ಮಾಡುವ, ಮಾತಾಡುವ ಜನ ಈಗಲೂ ನಮ್ಮ ನಡುವೆ ಇದ್ದಾರೆ.