ಕಾಯುವ ಕೆಲಸ

'ಕಾಯು' ಎಂಬ ಕ್ರಿಯಾಪದಕ್ಕೆ ರಕ್ಷಿಸು ಎಂದೂ ಅರ್ಥವುಂಟು, ನಿರೀಕ್ಷಿಸು ಎಂದೂ ಅರ್ಥವುಂಟು ಎಂದು ವ್ಯಾಕರಣದ ಪಾಠದಲ್ಲಿ ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹಿಂದಿನ ಬೆಂಚಿನಿಂದ ಯಾರಾದರೊಬ್ಬರು "ಸಾರ್, ನೀರು ಕಾಯುತ್ತೆ" ಎಂದು ಮೂರನೆಯ ಅರ್ಥವನ್ನೂ ಸೇರಿಸುತ್ತಿದ್ದಿರಿ! ಮೊದಲಿನ ಎರಡು ಅರ್ಥಗಳನ್ನು ಬದುಕಿ ತೋರಿಸಿದ ಒಬ್ಬ ಮಹಿಳೆಯ ಕಥೆಯನ್ನು ಇಂದು ಬರೆಯುತ್ತಿದ್ದೇನೆ. ಆಕೆ ಜರ್ಮನಿಯ ಫುಟ್‌ಬಾಲ್ ಗೋಲ್‌ಕೀಪರ್ ನಾಡೀನ್ ಆಂಗರರ್.

ನಮ್ಮ ಜಿಲ್ಲೆಗೆ ಫುಟ್‌ಬಾಲ್ ಹೊಸದಲ್ಲ. ಚಿನ್ನದ ಗಣಿಯನ್ನು ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಕಾಲದಿಂದಲೂ ಕೆ.ಜಿ.ಎಫ್.ನಲ್ಲಿ ಅದು ಬೇರೂರಿದ ಆಟ. 2001ರಲ್ಲಿ ಗಣಿ ಮುಚ್ಚಿದರೂ ಆ ಹುಚ್ಚು ಇಂಗಲಿಲ್ಲ. ಆದರೆ ನಾನು ಪಾಠ ಹೇಳಿದ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೆಣ್ಣುಮಕ್ಕಳಿಗೆಂದು ಇದ್ದುದು ಖೋಖೋ, ಥ್ರೋಬಾಲ್, ಕಬಡ್ಡಿ ಅಷ್ಟೆ.

ಮುಂದುವರಿದ ದೇಶಗಳ ಸ್ಥಿತಿಯೂ ಬಹಳ ಭಿನ್ನವಾಗಿರಲಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1921ರಲ್ಲಿ ತನ್ನ ಮೈದಾನಗಳ ಬಾಗಿಲನ್ನು ಮಹಿಳೆಯರಿಗೆ ಮುಚ್ಚಿತು. ಪಶ್ಚಿಮ ಜರ್ಮನಿಯ ಸಂಸ್ಥೆ 1955ರಲ್ಲಿ ಅದೇ ಹಾದಿ ಹಿಡಿಯಿತು. ನಿಷೇಧ ತೆರವಾದದ್ದು 1970ರಲ್ಲಿ. 1989ರಲ್ಲಿ ಅಲ್ಲಿನ ಮಹಿಳೆಯರು ಯುರೋಪಿನ ಚಾಂಪಿಯನ್ನರಾದಾಗ ಸಂಸ್ಥೆ ಕೊಟ್ಟ ಬಹುಮಾನವೇನು ಗೊತ್ತೇ? ಕಾಫಿ ಕುಡಿಯುವ ಪಿಂಗಾಣಿ ಸೆಟ್ಟು! ಆಗ ನಾಡೀನ್ ಹತ್ತು ವರ್ಷದ ಬಾಲಕಿ.

1978ರ ನವೆಂಬರ್ 10ರಂದು ಬವೇರಿಯಾ ಪ್ರಾಂತ್ಯದ ಲೋರ್ ಎಂಬ ಊರಿನಲ್ಲಿ ಹುಟ್ಟಿದ ಈಕೆ ಮೊದಲು ಗೋಲ್‌ಕೀಪರ್ ಆಗಿರಲಿಲ್ಲ. ಒಂದು ಪಂದ್ಯದಲ್ಲಿ ತಂಡದ ಗೋಲ್‌ಕೀಪರ್ ಗಾಯಗೊಂಡಾಗ ಬದಲಿಯಾಗಿ ನಿಂತರು. ಅಂದಿನ ಆಟವೇ ನೋಡಿದವರ ಗಮನ ಸೆಳೆಯಿತು. 1996ರಲ್ಲಿ, ಹದಿನೇಳನೆಯ ವಯಸ್ಸಿಗೇ ರಾಷ್ಟ್ರೀಯ ತಂಡದಲ್ಲಿ ಆಡಿದರು.

ಅಲ್ಲಿಂದ ಮುಂದೆ ಹತ್ತು ವರ್ಷಗಳಿಗೂ ಮಿಕ್ಕಿದ ಕಾಯುವಿಕೆ. ಮೊದಲ ಗೋಲ್‌ಕೀಪರ್ ಸಿಲ್ಕೆ ರಾಟನ್‌ಬರ್ಗ್ ಅವರ ನೆರಳಿನಲ್ಲಿ ಆಂಗರರ್ ಎರಡನೆಯವರಾಗಿ ಬೆಂಚಿನ ಮೇಲೆ ಕುಳಿತರು. 2003ರಲ್ಲಿ ಜರ್ಮನಿ ವಿಶ್ವಕಪ್ ಗೆದ್ದಾಗಲೂ ಗೋಲು ಕಾದವರು ರಾಟನ್‌ಬರ್ಗ್. ಬೇರೆ ಸ್ಥಾನದ ಆಟಗಾರ್ತಿಗೆ ಕೊನೆಯ ಹತ್ತು ನಿಮಿಷವಾದರೂ ದೊರೆಯುತ್ತದೆ. ಎರಡನೆಯ ಗೋಲ್‌ಕೀಪರಿಗೆ ಅದೂ ಇಲ್ಲ. ಆದರೂ ಪ್ರತಿದಿನದ ಅಭ್ಯಾಸ ತಪ್ಪಿಸುವಂತಿಲ್ಲ.

2007ರಲ್ಲಿ ರಾಟನ್‌ಬರ್ಗ್ ಮೊಣಕಾಲಿಗೆ ಪೆಟ್ಟಾಗಿ, ಚೀನಾದ ವಿಶ್ವಕಪ್ಪಿನಲ್ಲಿ ಆಂಗರರ್ ಅವರ ಸರದಿ ಬಂತು. ಆರು ಪಂದ್ಯ, 540 ನಿಮಿಷ. ಜರ್ಮನಿ ಹೊಡೆದ ಗೋಲು 21, ಬಿಟ್ಟುಕೊಟ್ಟದ್ದು ಸೊನ್ನೆ! ಸೆಪ್ಟೆಂಬರ್ 30ರಂದು ಶಾಂಘೈಯಲ್ಲಿ ನಡೆದ ಫೈನಲ್‌ನಲ್ಲಿ ಜರ್ಮನಿ 1–0 ಮುಂದಿದ್ದಾಗ ಬ್ರೆಜಿಲಿಗೆ ಪೆನಾಲ್ಟಿ ದೊರೆಯಿತು. ಒದೆಯಲು ಬಂದವರು ಮಾರ್ತಾ. ಏಳು ಮೀಟರಿಗೂ ಅಗಲದ ಗೋಲಿನಲ್ಲಿ, ಹನ್ನೊಂದು ಮೀಟರ್ ದೂರದ ಚೆಂಡನ್ನು ತಡೆಯಲು ಸಿಗುವುದು ಅರ್ಧ ಸೆಕೆಂಡಿನ ಆಸುಪಾಸು. ಆಂಗರರ್ ತಡೆದರು. ಜರ್ಮನಿ 2–0ರಿಂದ ಗೆದ್ದಿತು. ಒಂದೂ ಗೋಲು ಬಿಡದೆ ವಿಶ್ವಕಪ್ ಗೆದ್ದ ಮೊದಲ ತಂಡ ಅದು.

2013ರ ಯುರೋಪಿಯನ್ ಫೈನಲ್‌ನಲ್ಲಿ ನಾಯಕಿಯಾಗಿದ್ದ ಅವರು ನಾರ್ವೆಯ ಎರಡು ಪೆನಾಲ್ಟಿಗಳನ್ನು ತಡೆದರು. ಜರ್ಮನಿ ಗೆದ್ದದ್ದು 1–0ರಿಂದ. ಆ ವರ್ಷದ ವಿಶ್ವದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಅವರಿಗೆ ಸಂದಿತು. ಪುರುಷರಿರಲಿ ಮಹಿಳೆಯರಿರಲಿ, ಫಿಫಾದ ಆ ಗೌರವ ಅದಕ್ಕೆ ಮೊದಲು ಯಾವ ಗೋಲ್‌ಕೀಪರಿಗೂ ದೊರೆತಿರಲಿಲ್ಲ. 146 ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿ 2015ರಲ್ಲಿ ನಿವೃತ್ತರಾದರು.

ಅನಂತರ ಅವರು ಆರಿಸಿಕೊಂಡದ್ದು ನಮ್ಮ ವೃತ್ತಿಯನ್ನು, ಕಲಿಸುವುದನ್ನು. ಅಮೆರಿಕದ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ತಂಡದ ಗೋಲ್‌ಕೀಪರುಗಳಿಗೆ 2016ರಿಂದ ತರಬೇತಿ ನೀಡಿದರು. ಆ ತಂಡ 2017 ಮತ್ತು 2022ರಲ್ಲಿ ಚಾಂಪಿಯನ್ ಆಯಿತು. 2024ರಲ್ಲಿ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ತಂಡದ ತರಬೇತುದಾರರ ಬಳಗ ಸೇರಿದರು. ಬೆಂಚಿನ ಮೇಲೆ ಕುಳಿತ ಎರಡನೆಯ ಹುಡುಗಿಯ ಮನಸ್ಸು ಅವರಷ್ಟು ಬಲ್ಲವರು ಯಾರು?

ಇದನ್ನೆಲ್ಲ ಬರೆಯಲು ಒಂದು ಕಾರಣವಿದೆ. ಹಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮೈದಾನದಲ್ಲಿ ಹುಡುಗರು ಆಡುವಾಗ ಒಬ್ಬ ಹುಡುಗಿ ಎರಡು ಕಲ್ಲುಗಳ ನಡುವೆ ಗೋಲಿಗೆ ನಿಲ್ಲುತ್ತಿದ್ದಳು. ಚೆನ್ನಾಗಿಯೇ ತಡೆಯುತ್ತಿದ್ದಳು. ಒಂದು ದಿನ ಬಂದು, "ಸಾರ್, ತಾಲ್ಲೂಕು ಕ್ರೀಡಾಕೂಟಕ್ಕೆ ನಮಗೂ ಫುಟ್‌ಬಾಲ್ ತಂಡ ಮಾಡೋಣ್ವಾ?" ಎಂದಳು. "ಹುಡುಗಿಯರಿಗೆ ಅದೆಲ್ಲ ಇಲ್ಲಮ್ಮ, ಥ್ರೋಬಾಲಿಗೆ ಹೆಸರು ಕೊಡು" ಎಂದುಬಿಟ್ಟೆ. ಆಕೆ ತಲೆಯಾಡಿಸಿ ಹೋದಳು. ಮಾರನೆಯ ದಿನದಿಂದ ಆ ಕಲ್ಲುಗಳ ನಡುವೆ ಬೇರೊಬ್ಬ ಹುಡುಗ ನಿಂತಿದ್ದ. ಯಾಕೆಂದು ನಾನು ಕೇಳಲಿಲ್ಲ.

ಆಕೆ ವಿಶ್ವಕಪ್ ಆಡುತ್ತಿದ್ದಳೆಂದು ಹೇಳುತ್ತಿಲ್ಲ. ಹನ್ನೊಂದು ಹುಡುಗಿಯರು ಸಿಗುತ್ತಾರೆಯೇ ಎಂದು ಒಮ್ಮೆ ವಿಚಾರಿಸಿ ನೋಡಬಹುದಿತ್ತು. ಅಷ್ಟನ್ನೂ ನಾನು ಮಾಡಲಿಲ್ಲ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಹೆಣ್ಣುಮಕ್ಕಳ ತಂದೆತಾಯಿಗಳಾಗಿದ್ದೀರಿ. ಯಾವುದಾದರೂ ಮಗು ಬಂದು ಹಾಗೆ ಕೇಳಿದರೆ, ದಯವಿಟ್ಟು ನನ್ನ ಉತ್ತರವನ್ನು ಕೊಡಬೇಡಿ.