ಕಾರಿನಷ್ಟೇ ತೂಕದ ಹೆಲಿಕಾಪ್ಟರ್ ಮತ್ತು ಗುಬ್ಬಿಯ ಕಾವಲ್

ಗುಬ್ಬಿ ಬಸ್ ನಿಲ್ದಾಣದ ಪಕ್ಕ ಟೀ ಕುಡಿಯುವಾಗ ಹುಡುಗರ ಮೊಬೈಲಿನಲ್ಲಿ ಹೆಚ್ಚಾಗಿ ಓಡುವುದು ರೀಲ್ಸ್, ಅದರಲ್ಲೂ ಕಾರುಗಳದ್ದು. ಅದರಲ್ಲಿ ಮೆಕ್‌ಲಾರೆನ್ ಎಫ್1 ಕೂಡ ಬರುತ್ತದೆ. ಇಂಗ್ಲೆಂಡಿನಲ್ಲಿ 1992ರಿಂದ 1998ರವರೆಗೆ ತಯಾರಾಗಿದ್ದು ಬರೀ 106. ಡ್ರೈವರ್ ಸೀಟು ನಡುಮಧ್ಯೆ, 627 ಅಶ್ವಶಕ್ತಿ, 1998ರಲ್ಲಿ ಗಂಟೆಗೆ 386 ಕಿಲೋಮೀಟರ್ ಮುಟ್ಟಿದ ಗಾಡಿ. ತೂಕ ಮಾತ್ರ ಸುಮಾರು 1,140 ಕೆಜಿ. ವಿನ್ಯಾಸಕ ಗಾರ್ಡನ್ ಮರ್ರೆಯ ಹಟವೇ ಅದು: ಎಂಜಿನ್ ಬಲವಾಗಿರಲಿ, ಮೈ ಹಗುರವಾಗಿರಲಿ.

ಇದೇ ಲೆಕ್ಕವನ್ನು ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಮಾಡಿದ ಯಂತ್ರವೊಂದಿದೆ. ಅದರ ಮುಂದಿನ ಪೀಳಿಗೆಗೆಂದು ಕಟ್ಟಿದ ಕಾರ್ಖಾನೆ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲೇ ಇದೆ. ಹಳೆಯ ಯಂತ್ರದ ಹೆಸರು ಚೀತಾ. ಕಾರಲ್ಲ, ಹೆಲಿಕಾಪ್ಟರ್.

ಕಥೆ ಶುರುವಾಗುವುದು 1968ರಲ್ಲಿ. ಹಿಮಾಲಯದ ಎತ್ತರಕ್ಕೆ ಹೋಗಿ ಬರಬಲ್ಲ ಹೆಲಿಕಾಪ್ಟರ್ ನಮ್ಮ ಸೇನೆಗೆ ಬೇಕಿತ್ತು. ಫ್ರೆಂಚರ ಬಳಿ ಅಲೂಯೆಟ್ ಎಂಬ ಹೆಸರಿನ ಎರಡು ಮಾದರಿಗಳಿದ್ದವು. (ಅಲೂಯೆಟ್ ಎಂದರೆ ಅವರ ಭಾಷೆಯಲ್ಲಿ ನೆಲಗುಬ್ಬಿ ಜಾತಿಯ ಹಕ್ಕಿ. ಗುಬ್ಬಿಗೆ ಬಂದು ಸೇರಬೇಕೆಂದು ಆಗಲೇ ಬರೆದಿತ್ತೋ ಏನೋ!) ಎರಡನೇ ಅಲೂಯೆಟ್ ಚಿಕ್ಕದು, ಹಗುರ. ಮೂರನೆಯದು ದೊಡ್ಡದು, ಬಲಶಾಲಿ. ಚಿಕ್ಕದರ ಮೈಯನ್ನು ಗಟ್ಟಿಮಾಡಿ, ದೊಡ್ಡದರ ಎಂಜಿನ್ನು, ರೆಕ್ಕೆಗಳನ್ನು ಅದಕ್ಕೆ ಕೂರಿಸಿದರು. ಫ್ರಾನ್ಸಿನಲ್ಲಿ ಅದಕ್ಕೆ ಲಾಮಾ ಎಂದು ಹೆಸರಿಟ್ಟರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದಾಗ ಅದೇ ಚೀತಾ ಆಯಿತು.

ಖಾಲಿ ತೂಕ ಸುಮಾರು 1,020 ಕೆಜಿ, ಅಂದರೆ ಆ ಸೂಪರ್ ಕಾರಿಗಿಂತಲೂ ಕಡಿಮೆ. ಬಾಲಕ್ಕೆ ತಗಡಿನ ಹೊದಿಕೆ ಕೂಡ ಇಲ್ಲ, ಬರೀ ಕೊಳವೆಗಳ ಚೌಕಟ್ಟು. ಮುಂದುಗಡೆ ಗಾಜಿನ ಗುಳ್ಳೆ, ಒಳಗೆ ಐದು ಜನ. ನೋಡಿದರೆ ಕೆಲಸ ಅರ್ಧಕ್ಕೇ ಬಿಟ್ಟಂತಿದೆ.

ಅದರ ಗುಟ್ಟಿರುವುದು ಎಂಜಿನ್ನಿನಲ್ಲಿ. ಅದು 870 ಅಶ್ವಶಕ್ತಿ ಕೊಡಬಲ್ಲದು, ಆದರೆ ಅದನ್ನು 550ಕ್ಕೇ ಕಟ್ಟಿಹಾಕಿದ್ದಾರೆ. ಯಾಕೆ? ಆರು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೂ ಇರುವುದಿಲ್ಲ. ಎಂಜಿನ್ನಿಗೆ ಉಸಿರು ಸಾಲದು, ರೆಕ್ಕೆಗೆ ಹಿಡಿತ ಸಿಗದು. ಕೆಳಗೆ ಬಳಸದೆ ಉಳಿಸಿಟ್ಟ ಶಕ್ತಿ ಅಲ್ಲಿ ನೆರವಿಗೆ ಬರುತ್ತದೆ. ಕಾರು ತನ್ನ ಬಲವನ್ನೆಲ್ಲ ಸಪಾಟು ರಸ್ತೆಯಲ್ಲಿ ತೋರಿಸುತ್ತದೆ. ಚೀತಾ ಗಂಟೆಗೆ ಇನ್ನೂರು ಕಿಲೋಮೀಟರಿನ ಆಸುಪಾಸು ಹೋದರೆ ಹೆಚ್ಚು, ಆದರೆ ಬೆಟ್ಟದ ನೆತ್ತಿಯಲ್ಲಿ ಅದರ ಸಮಕ್ಕೆ ನಿಲ್ಲುವವರು ಕಡಿಮೆ.

1972ರ ಜೂನ್ 21ರಂದು ಫ್ರೆಂಚ್ ಪೈಲಟ್ ಝಾನ್ ಬುಲೆ ಬೇಡದ ಸಾಮಾನನ್ನೆಲ್ಲ ಕಿತ್ತುಹಾಕಿ, ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಏರಿಸಿದ. ಎವರೆಸ್ಟ್ ಶಿಖರಕ್ಕಿಂತ ಮೂರೂವರೆ ಕಿಲೋಮೀಟರ್ ಮೇಲೆ! ಅಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹತ್ತಲಿಲ್ಲ. ಆತ ಗಾಬರಿಯಾಗದೆ ಇಳಿದ. ಜಾತ್ರೆಯಲ್ಲಿ ಮಾರುವ ಕಾಗದದ ಗಿರಿಗಿಟ್ಲೆ ಗಾಳಿಗೆ ತಾನೇ ತಿರುಗುವ ಹಾಗೆ, ಬೀಳುವಾಗ ಕೆಳಗಿನಿಂದ ನುಗ್ಗುವ ಗಾಳಿಗೆ ರೆಕ್ಕೆ ತಿರುಗುತ್ತಾ ಇರುತ್ತದೆ. ಅಷ್ಟರ ಮೇಲೇ ನೆಲ ಮುಟ್ಟಿದ.

ನಮ್ಮವರಿಗೆ ಇದು ದಾಖಲೆಯ ಆಟವಾಗಿರಲಿಲ್ಲ. 1984ರ ಏಪ್ರಿಲ್‌ನಲ್ಲಿ ಸೇನೆ ಸಿಯಾಚಿನ್ ಹಿಮನದಿಯ ಮೇಲೆ ನೆಲೆ ನಿಂತಿತು. ಅಂದಿನಿಂದ ಸೀಮೆಎಣ್ಣೆ, ಔಷಧಿ, ಕಾಗದಪತ್ರ ಮೇಲಕ್ಕೆ ಹೋಗುವುದೂ, ಕಾಯಿಲೆ ಬಿದ್ದವರು ಕೆಳಗೆ ಬರುವುದೂ ಬಹಳ ಮಟ್ಟಿಗೆ ಇಂಥ ಸಣ್ಣ ಹೆಲಿಕಾಪ್ಟರ್‌ಗಳಿಂದಲೇ. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಯಾರೂ ಮರೆತಿಲ್ಲ. 2016ರ ಫೆಬ್ರುವರಿಯಲ್ಲಿ ಸೋನಮ್ ಚೌಕಿಯ ಹಿಮಕುಸಿತದಲ್ಲಿ ಹೂತು, ಆರನೇ ದಿನ ಜೀವಂತ ಸಿಕ್ಕಿದವರು. ಅವರನ್ನು ಅಲ್ಲಿಂದ ಇಳಿಸಿದ್ದು ಹೆಲಿಕಾಪ್ಟರ್. ದೆಹಲಿಯ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ತೀರಿಕೊಂಡರು.

ಅದಕ್ಕೆ ಒಂದು ತಿಂಗಳ ಮೊದಲು, ಅದೇ ವರ್ಷದ ಜನವರಿ 3ರಂದು, ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಕಾವಲ್ ಅಂದರೆ ದನ ಮೇಯುವ ಬಯಲು. ಅಂಥ ಜಾಗದಲ್ಲಿ 615 ಎಕರೆ. ಉದ್ಘಾಟನೆಯಾಗಿದ್ದು 2023ರ ಫೆಬ್ರುವರಿ 6ರಂದು. ನಡುವೆ ಏಳು ವರ್ಷ ಹೋಯಿತು, ಅದನ್ನು ನಾವು ಸಣ್ಣ ಮಾತೆಂದು ಬಿಡುವುದಿಲ್ಲ. ಆ ಏಳು ವರ್ಷವೂ ಹಳೇ ಚೀತಾಗಳೇ ಬೆಟ್ಟ ಹತ್ತಿದವು.

ಚೀತಾದ ಜಾಗಕ್ಕೆ ಬರಬೇಕಾದದ್ದು ಎಲ್‌ಯುಎಚ್, ಅಂದರೆ ಹಗುರ ಬಹೂಪಯೋಗಿ ಹೆಲಿಕಾಪ್ಟರ್. ಇದರ ವಿನ್ಯಾಸ ಬೆಂಗಳೂರಿನದೇ. ಮೊದಲು ಹಾರಿದ್ದು 2016ರ ಸೆಪ್ಟೆಂಬರ್ 6ರಂದು. ಮೂರು ಟನ್ ವರ್ಗದ್ದು, ಒಂದೇ ಎಂಜಿನ್. ಬಿಸಿಗಾಳಿಯಲ್ಲೂ ಲೇಹ್‌ನ ಎತ್ತರದಲ್ಲೂ ಪರೀಕ್ಷೆ ಮಾಡಿದ್ದಾರೆ. ಕಾರ್ಖಾನೆಯ ಯೋಜನೆ ಮೊದಲು ವರ್ಷಕ್ಕೆ 30, ಮುಂದೆ 60, ಆಮೇಲೆ 90.

ಟಿವಿಯಲ್ಲಿ ಸಿಯಾಚಿನ್ ಸುದ್ದಿ ಬಂದಾಗ ಹೆಲಿಕಾಪ್ಟರಿನ ಬಾಲ ನೋಡಿ. ಬರೀ ಕೊಳವೆಯ ಚೌಕಟ್ಟಿದ್ದರೆ ಅದು ಚೀತಾ. ಹೊದಿಕೆ ಇರುವ ಬಾಲದ ಎಲ್‌ಯುಎಚ್ ಕಂಡರೆ, ಮನೆಯಲ್ಲಿದ್ದವರನ್ನು ಕೂಗಿ ಕರೆದು ತೋರಿಸಿ.